ಅಂಟವಾಳದ ನೊರೆ

ಆಗ ನಮ್ಮ ಮನೆಯಲ್ಲಿ ಬೆಳೆಗೆ ಹುಳ ಬಿದ್ದರೆ ಯಾರೂ ಅಂಗಡಿಗೆ ಓಡುತ್ತಿರಲಿಲ್ಲ, ಆಯಿಯನ್ನು ಕೇಳುತ್ತಿದ್ದರು. ಆಯಿ ಎಂದರೆ ನನ್ನಪ್ಪನ ತಾಯಿ. ನಮ್ಮದು ಯಲಬುರ್ಗಾ ಕಡೆಯ ಕರಿಮಣ್ಣಿನ ಎರಿಹೊಲ, ನಾನು ನಾಲ್ಕನೇ ತರಗತಿಯ ಹುಡುಗಿ.

ಮುಂಗಾರು ಶುರುವಾಗುತ್ತಲೇ ಆಯಿ ನನ್ನನ್ನು ಬೇವಿನ ಗಿಡದ ಬುಡಕ್ಕೆ ಅಟ್ಟುತ್ತಿದ್ದಳು. ಉದುರಿದ ಹಣ್ಣು ಆರಿಸಿ, ತಿಕ್ಕಿ ತೊಳೆದು, ಬೀಜವನ್ನು ಪಡಸಾಲೆಯಲ್ಲಿ ಹರವಬೇಕು. ಎಷ್ಟು ತೊಳೆದರೂ ಕೈಯ ಘಾಟು ಹೋಗದೆ ರೊಟ್ಟಿಯೂ ಕಹಿ ಅನ್ನಿಸುತ್ತಿತ್ತು. ಗಾಣದಿಂದ ಬಂದ ಎಣ್ಣೆಯನ್ನು ಆಯಿ ತೊಗರಿ ಹೂ ಬಿಡುವ ತನಕ ಗಡಿಗೆಯಲ್ಲಿ ಜೋಪಾನ ಮಾಡುತ್ತಿದ್ದಳು. ಹೂವಿಗೆ ಹುಳ ಬಿದ್ದಾಗ ಅದನ್ನೇ ನೀರಿಗೆ ಕಲೆಸಿ ಹೊಡೆಯುತ್ತಿದ್ದರು.

ಆ ವರ್ಷ ಅಪ್ಪನಿಗೆ ಅದರ ಮೇಲೆ ನಂಬಿಕೆ ಕಡಿಮೆಯಾಗಿತ್ತು. "ಈ ಒಂದ್ ಸಲ ನೋಡ್ತೀನಿ ಯವ್ವಾ. ಹುಳ ಹೋಗ್ಲಿಲ್ಲಂದ್ರ ಅಂಗಡಿ ಔಷಧಾನ ಹೊಡಿಯಾಂವ," ಎಂದ.

"ನೋಡು ನೋಡು," ಎಂದಳು ಆಯಿ. ಮೊಣಕಾಲು ನೋವಿಂದ ಅವಳಿಗೆ ಹೊಲಕ್ಕೆ ಬರಲಾಗಲಿಲ್ಲ. ಅಂಟವಾಳದಕಾಯಿ ನೆನೆಸಿ, ಹಿಂಡಿ, ಆ ನೊರೆನೀರನ್ನು ಚರಿಗೆಗೆ ಸುರಿದು ನನ್ನ ಕೈಗೆ ಕೊಟ್ಟಳು. "ಎಣ್ಣಿ ಬರೇ ನೀರಾಗ ಕೂಡಂಗಿಲ್ಲ ತಂಗಿ. ಇದು ಇದ್ರನ ಕೂಡತೈತಿ. ಚೆಲ್ಲಬ್ಯಾಡ."

ದಾರಿಯಲ್ಲಿ ಪಪ್ಪಾಯಿ ಗಿಡ ಕಂಡಿತು. ಅದರ ಎಲೆಯ ದಂಟು ಒಳಗೆ ಟೊಳ್ಳು. ಅದನ್ನು ನೊರೆಯಲ್ಲಿ ಅದ್ದಿ ಊದಿದರೆ ಎಂಥ ಗುಳ್ಳೆಗಳು! ಮುಷ್ಟಿಗಾತ್ರದವು ತೇಲಿಹೋಗಿ ಜಾಲಿಮುಳ್ಳಿಗೆ ತಾಗಿ ಒಡೆಯುತ್ತಿದ್ದವು. ಇನ್ನೊಂದು, ಇನ್ನೊಂದು ಎಂದು ಊದುತ್ತಲೇ ಚರಿಗೆ ಕಾಲಿಗೆ ತಾಗಿ ಉರುಳಿತು. ಹಳ್ಳದ ನೀರು ತುಂಬಿಕೊಂಡು ಹೋಗಿ ಅಪ್ಪನ ಕೈಗೆ ಕೊಟ್ಟೆ. ಕಲೆಸುವುದು ಯಾವಾಗಲೂ ಆಯಿಯ ಕೆಲಸವಾದ್ದರಿಂದ ಅಪ್ಪನಿಗೆ ಏನೂ ಗೊತ್ತಾಗಲಿಲ್ಲ. ಔಷಧಿ ಹೊಡೆಯುವ ಪಂಪಿನಲ್ಲಿ ಎಣ್ಣೆ ಮೇಲೆ ತೇಲಿತು; ಪಂಪು ಎಳೆಯುವುದು ತಳದಿಂದ. ಮೊದಲ ಸಾಲುಗಳಿಗೆ ಬರೀ ನೀರು ಬಿತ್ತು, ಕೊನೆಯ ಸಾಲುಗಳಿಗೆ ಬರೀ ಎಣ್ಣೆ.

ನಾನು ಮನೆಗೆ ಬಂದಾಗ ಆಯಿ ಚರಿಗೆಯ ತಳಕ್ಕೆ ಬೆರಳಾಡಿಸಿ ಎರಡು ಬೆರಳ ನಡುವೆ ತಿಕ್ಕಿ ನೋಡಿದಳು. ನೊರೆ ಬರಲಿಲ್ಲ. ಚರಿಗೆ ಬೋರಲು ಹಾಕಿದಳು.

ನಾಲ್ಕು ದಿನಕ್ಕೆ ಅಪ್ಪ ಹೊಲದಿಂದ ಸಿಟ್ಟಾಗಿ ಬಂದ. "ಹುಳ ಹಂಗ ಅದಾವು. ಕಡೀ ಸಾಲಿನ ಗಿಡ ಸುಟ್ಟು ಹೂವೆಲ್ಲಾ ಉದುರ್ಯಾವು. ಸಾಕು ಮಾಡು ಯವ್ವಾ ನಿನ್ನ ಎಣ್ಣಿ."

ಆಯಿ ಹೊಸ್ತಿಲ ಮೇಲೆ ಕೂತಿದ್ದಳು. ನನ್ನತ್ತ ನೋಡಿದಳು. ಹೊರಗೆ ಓಡಲು ದಾರಿಯಿರಲಿಲ್ಲ, ಕಂಬದ ಹಿಂದೆ ಸರಿದೆ. ಎಂಥ ಹೇಡಿ ನಾನು! ಕೊನೆಗೆ ಆಯಿಯೇ, "ನಾನ ಅಂಟವಾಳ ಕಡಿಮಿ ಹಾಕಿದ್ನೇನೋಪಾ. ವಯಸ್ಸಾತು," ಎಂದಳು.

ಅಪ್ಪ ಅಂಗಡಿಯ ಡಬ್ಬಿ ತಂದ. ಅಂದಿನಿಂದ ಹೊಲದ ಮಾತು ಬಂದಾಗ ಯಾರೂ ಆಯಿಯನ್ನು ಕೇಳಲಿಲ್ಲ. ದಿನಾ ಬೆಳಿಗ್ಗೆ ಆಯಿ ನನ್ನನ್ನು ಎರಡು ಮೊಣಕಾಲಿನ ನಡುವೆ ಒತ್ತಿ ಕೂರಿಸಿಕೊಂಡು ಹೆರಳು ಹಾಕುತ್ತ ಕೇಳುತ್ತಿದ್ದಳು: "ಏನರ ಹೇಳೋದೈತೇನ ತಂಗಿ?"

"ಏನಿಲ್ಲ ಆಯಿ."

ಅಲುಗಾಡಲು ಆಗುತ್ತಿರಲಿಲ್ಲ. ಮೊಣಕಾಲಿನ ಹಿಡಿತ ಸಡಿಲಾಗುವ ತನಕ ಹಾಗೇ ಕೂತಿರುತ್ತಿದ್ದೆ. ಒಂದು ದಿನ ಅವಳು ಕೇಳುವುದನ್ನೂ ಬಿಟ್ಟಳು. ಮುಂದಿನ ಮುಂಗಾರಿನಲ್ಲಿ ಬೇವಿನ ಹಣ್ಣು ಉದುರಿದಲ್ಲೇ ಕೊಳೆತವು.

ಆಯಿ ಹೋಗಿ ಎಷ್ಟೋ ವರ್ಷವಾಯಿತು. ಗಾಣ ಮುಚ್ಚಿದೆ, ಬೇವಿನ ಗಿಡ ಇದ್ದಲ್ಲಿ ಈಗ ಶೆಡ್ ಇದೆ. ಕಳೆದ ಸಲ ತವರಿಗೆ ಹೋದಾಗ ಅಪ್ಪ ಯಲಬುರ್ಗಾದಿಂದ ಬೇವಿನೆಣ್ಣೆಯ ಬಾಟಲಿ ತಂದಿದ್ದ, ನೀರಿನಲ್ಲಿ ತಾನೇ ಕೂಡುವಂಥದ್ದು. ಬಕೆಟ್ಟಿಗೆ ಸುರಿದು ನನ್ನ ಕೈಗೆ ಕೋಲು ಕೊಟ್ಟ. ತಿರುವಿದೆ. ನೀರು ಹಾಲಿನಂತೆ ಬೆಳ್ಳಗಾಯಿತು, ಮೇಲೆ ಅದೇ ನೊರೆ.

"ನೋಡಿದೇನ? ಭಾಳ ಛಲೋ ಐತಿ ಇದು," ಎಂದ ಅಪ್ಪ. "ನಿಮ್ಮ ಆಯಿ ಎಣ್ಣಿ ಹಂಗಲ್ಲ."

ನಾನು ತಿರುವುತ್ತಲೇ ಇದ್ದೆ.

"ಹೌದಪ್ಪಾ," ಎಂದೆ.