ಹತ್ತುವವರಿಗೆ ಹಳದಿ, ಇಳಿಯುವವರಿಗೆ ಬಿಳಿ

ನಮ್ಮ ಭಾವ ಯಾರನ್ನೂ ನಂಬಿದವರಲ್ಲ. ಹಾಲಿನವನು ಪಾತ್ರೆಗೆ ಹಾಲು ಸುರಿಯುವಾಗ ಹಾಲನ್ನು ಬಿಟ್ಟು ಅವನ ಕೈಯನ್ನೇ ನೋಡುತ್ತಿದ್ದರು. ಗೋಡೆಯ ಗಡಿಯಾರ ಸರಿಯಿದೆಯೋ ಇಲ್ಲವೋ ಎಂದು ಕೈಗಡಿಯಾರ ನೋಡಿ, ಆಮೇಲೆ ಎರಡೂ ಸೇರಿಕೊಂಡು ತಮಗೆ ಟೋಪಿ ಹಾಕುತ್ತಿವೆ ಎಂಬಂತೆ ಮುಖ ಗಂಟಿಕ್ಕುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅಕ್ಕ, “ನಾನು ನಿಟ್ಟುಸಿರು ಬಿಟ್ರೂ ಯಾಕೆ ಅಂತ ಕೇಳ್ತಾರೆ ಕಣೋ” ಎಂದು ನಕ್ಕಿದ್ದಳು. ನನಗಂತೂ ನಗು ಬರಲಿಲ್ಲ. ಇಂಥವರ ಜೊತೆ ಇವಳು ಹೇಗಪ್ಪಾ ಬಾಳುತ್ತಾಳೆ ಎಂದು ಹೊಟ್ಟೆ ಉರಿದಿತ್ತು.

ಕಾಲೇಜಿನ ಹಿಂದಿರುವ ಗುಡ್ಡಗಳ ಕಾಲುದಾರಿ ನೋಡಿಕೊಳ್ಳುವುದು ಅವರ ಕೆಲಸ. ಚಳಿ ಕಳೆದು ಮರಗಳು ಚಿಗುರಿದ ಕೂಡಲೇ ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಏರಿಸಿಕೊಂಡು ಗುಡ್ಡದ ಕಡೆ ಹೊರಡುತ್ತಾರೆ. ಅಷ್ಟರೊಳಗೆ ಭಾವ ಅಡ್ಡಬಿದ್ದ ಕೊಂಬೆ ಕಡಿದು, ಜಾರುವ ಕಡೆ ಕಲ್ಲು ಕೂರಿಸಿ, ದಾರಿ ಕವಲೊಡೆಯುವಲ್ಲಿನ ಮರಗಳಿಗೆ ಬಾಣದ ಗುರುತು ಬಳಿಯಬೇಕು. ಗುರುತಿನ ಕ್ರಮ ಅವರೇ ಮಾಡಿದ್ದು. ಕೆಳಗಿನಿಂದ ಬರುವವರಿಗೆ ಕಾಣುವ ಮಗ್ಗುಲಿಗೆ ಹಳದಿ ಬಾಣ. ಅದೇ ಮರದ ಇನ್ನೊಂದು ಮಗ್ಗುಲಿಗೆ, ಮೇಲಿನಿಂದ ಬರುವವರಿಗಾಗಿ, ಬಿಳಿ ಬಾಣ. ಹತ್ತುವವರಿಗೆ ಹಳದಿ, ಇಳಿಯುವವರಿಗೆ ಬಿಳಿ. ಗುಡ್ಡದ ಬುಡದ ಬೋರ್ಡಿನಲ್ಲೂ ಹಾಗೇ ಬರೆದಿತ್ತು.

ಆ ವಸಂತದಲ್ಲಿ ಗುರುತುಗಳು ಕೆಟ್ಟವು. ಇಳಿಯುವವರಿಗೆ ಬಿಳಿ ಇರಬೇಕಾದ ಮಗ್ಗುಲಲ್ಲಿ ಹಳದಿ ಬಾಣ, ಅದೂ ಹಳೆಯ ಕಲ್ಲುಗಣಿಯ ಕಡೆ ಮುಖ ಮಾಡಿಕೊಂಡು. ಅದನ್ನು ನಂಬಿ ಹೋದ ಹುಡುಗಿಯೊಬ್ಬಳು ಗಣಿಯ ಅಂಚಿನಲ್ಲಿ ಜಾರಿ ಕಾಲು ಮುರಿದುಕೊಂಡಳು. ಈ ಕೆಲಸ ಕೊಟ್ಟ ಕಚೇರಿಯ ಸಾಹೇಬರು ಭಾವನನ್ನು ಕರೆಸಿ ಮುಲಾಜಿಲ್ಲದೆ ಹೇಳಿದರು: “ಇನ್ನೊಂದು ದೂರು ಬಂದ್ರೆ ಈ ಕೆಲಸ ಬೇರೆಯವರಿಗೆ ಕೊಡ್ತೀನಿ. ನೀವು ಮನೇಲಿರಿ.”

ಮನೇಲಿರಿ ಎಂದರೆ ಭಾವನಿಗೆ ಸಾಯಿರಿ ಎಂದ ಹಾಗೆ. ಮಕ್ಕಳಿಲ್ಲ, ಸ್ನೇಹಿತರು ಮೊದಲೇ ಇಲ್ಲ. ಇದ್ದದ್ದು ಆ ಗುಡ್ಡವೊಂದೇ.

ಸರಿ, ಅನುಮಾನದ ಮೆರವಣಿಗೆ ಹೊರಟಿತು. ಮೊದಲು ಕಾಲೇಜಿನ ಹುಡುಗರು. ಆಮೇಲೆ ಚಹಾದಂಗಡಿಯವಳು, ಗಣಿಯ ದಾರಿ ಅವಳ ಅಂಗಡಿಯ ಹಿಂದೆಯೇ ಬಂದು ಮುಟ್ಟುತ್ತದೆ, ಗಿರಾಕಿಗಳನ್ನು ಎಳೆಯುವ ಹುನ್ನಾರವಂತೆ. ಕೊನೆಗೆ ಒಂದು ಬೆಳಿಗ್ಗೆ ಕಾಲೇಜಿನ ಎದುರಿನ ನನ್ನ ಜೆರಾಕ್ಸ್ ಅಂಗಡಿಗೇ ಬಂದರು. ಗಿರಾಕಿಗಳ ಎದುರಿಗೆ ನನ್ನ ಕೈ ಹಿಡಿದು ತಿರುಗಿಸಿದರು.

“ಉಗುರಲ್ಲಿ ಹಳದಿ ಯಾಕೆ?”

“ಕಲರ್ ಪ್ರಿಂಟರಿನ ಶಾಯಿ, ಭಾವ.”

ಅವರು ನನ್ನ ಬೆರಳನ್ನು ಮೂಸಿ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. “ನಾಳೆ ಬೆಳಗಿನ ಜಾವ ನಾನೂ ನೀವೂ ಹೋಗಿ ಕೂರೋಣ. ಯಾರು ಅಂತ ಕಣ್ಣಾರೆ ನೋಡಿದ ಮೇಲೆ ನನ್ನ ತಂಟೆಗೆ ಬರಬೇಡಿ” ಎಂದೆ. ನನಗೂ ಚಹಾದಂಗಡಿಯವಳ ಮೇಲೇ ಗುಮಾನಿಯಿತ್ತು, ಸುಳ್ಳೇಕೆ ಹೇಳಲಿ.

ಗಣಿಯ ಕವಲಿನ ಪೊದೆಯ ಹಿಂದೆ ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತೆವು. ಎಳೆ ಎಲೆಗಳಿಂದ ಇಬ್ಬನಿ ಕತ್ತಿನೊಳಗೆ ತೊಟ್ಟಿಕ್ಕುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಕೆಳಗಿನಿಂದ ಹೆಜ್ಜೆ ಸಪ್ಪಳ ಕೇಳಿಸಿತು. ಬಂದವಳು ನನ್ನ ಅಕ್ಕ. ಭಾವನ ಹಳೆಯ ಜಾಕೆಟ್ಟು ತೊಟ್ಟು, ಕೈಯಲ್ಲಿ ಬಣ್ಣದ ಸಣ್ಣ ಡಬ್ಬಿ, ಬ್ರಷ್ಷು, ಒಂದು ಚಿಂದಿ ಬಟ್ಟೆ.

ಅವಳು ಮರವನ್ನು ಸುತ್ತಿಕೊಂಡು ಮೇಲಿನ ಮಗ್ಗುಲಿಗೆ ಬಂದಳು. ಅಲ್ಲಿದ್ದ ಹಳದಿ ಬಾಣವನ್ನು ಬಟ್ಟೆಯಿಂದ ತಿಕ್ಕಿ ತಿಕ್ಕಿ ಅಳಿಸಿದಳು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಹಿಂದಿನ ಸಂಜೆ ಡಬ್ಬಿ ಹಿಡಿದು ಗುಡ್ಡ ಹತ್ತಿದ್ದವರು ಭಾವ ಒಬ್ಬರೇ. ನನ್ನ ಅಂಗಡಿಯ ಮುಂದೆಯೇ ಹೋಗಿದ್ದರು. ಅಕ್ಕ ಅದೇ ಜಾಗದಲ್ಲಿ ಬಿಳಿ ಬಾಣ ಬರೆದಳು, ಊರಿನ ಕಡೆಗೆ, ಸರಿಯಾಗಿ. ಆಗ ನನಗೆ ಹೊಳೆಯಿತು. ದಾರಿ ತಪ್ಪಿಸುತ್ತಿದ್ದವರು ಭಾವನೇ. ಇವಳು ಹಿಂದಿನಿಂದ ತಿದ್ದುತ್ತಾ ಬಂದಿದ್ದಳು. ಇವಳು ತಲುಪುವ ಮೊದಲೇ ಜನ ತಲುಪಿದ ಕಡೆ ದೂರು ಹುಟ್ಟಿತ್ತು.

ಭಾವನಿಗೆ ಕಂಡದ್ದು ಹೆಂಡತಿಯ ಕೈಯ ಬ್ರಷ್ಷು ಮಾತ್ರ. ಪೊದೆ ಸರಿಸಿಕೊಂಡು ಎದ್ದು ನಿಂತರು.

“ನೀನಾ?”

ಅಕ್ಕ ಅವರನ್ನು ನೋಡಿದಳು. ಹಿಂದೆ ನಿಂತ ನನ್ನನ್ನು ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ, “ಹೌದು, ನಾನೇ” ಎಂದಳು.

“ಎಲ್ಲಾ ಮರಾನೂ ನೀನೇ ಕೆಡಿಸಿದ್ದಾ?”

“ಎಲ್ಲಾ ನಾನೇ.”

“ಯಾಕೆ?”

“ಮೂರು ಹೊತ್ತೂ ಈ ಗುಡ್ಡದಲ್ಲೇ ಇರ್ತೀರಿ. ಹೊಟ್ಟೆಕಿಚ್ಚು.”

ಭಾವನ ಮುಖ ಎಷ್ಟೋ ತಿಂಗಳ ನಂತರ ಸಡಿಲವಾಯಿತು. “ಮನೆಯೊಳಗಿನವರದೇ ಕೆಲಸ ಅಂತ ನನಗೆ ಗೊತ್ತಿತ್ತು” ಎಂದು ನನ್ನ ಕಡೆ ತಿರುಗಿ, ಪರೀಕ್ಷೆಯಲ್ಲಿ ಪಾಸಾದವರಂತೆ ತಲೆಯಾಡಿಸಿ ಮುಂದೆ ನಡೆದರು.

ಇಳಿಯುವಾಗ ಅಕ್ಕನನ್ನು ಹಿಂದಕ್ಕೆ ನಿಲ್ಲಿಸಿಕೊಂಡು ಕೇಳಿದೆ. ಚಳಿ ಶುರುವಾದಾಗಿನಿಂದ ಹೀಗಂತೆ. ಇಟ್ಟದ್ದು ಮರೆಯುತ್ತಾರೆ, ಮಾಡಿದ್ದು ಮರೆಯುತ್ತಾರೆ, ಮರದ ಯಾವ ಮಗ್ಗುಲಲ್ಲಿ ನಿಂತಿದ್ದೇನೆ ಎಂಬುದನ್ನೂ.

“ನನಗ್ಯಾಕೆ ಹೇಳಲಿಲ್ಲ?”

“ನಿನಗೇ ಗೊತ್ತಾಗಲಿಲ್ವಲ್ಲೋ. ಮನೇಲಿ ಒಂದು ಚಾಕು ಕಾಣದಿದ್ರೂ ಯಾರೋ ಕದ್ರು ಅಂತ ಮೊದಲಿಂದ್ಲೂ ಕೂಗಾಡೋರು. ಈಗ ನಿಜವಾಗ್ಲೂ ಎಲ್ಲಿಟ್ಟೆ ಅಂತ ಮರೆತು ಕೂಗಾಡಿದ್ರೆ ಯಾರಿಗೆ ಹೊಸದು ಅನ್ಸುತ್ತೆ?”

“ಡಾಕ್ಟರು?”

“ಕರ್ಕೊಂಡು ಹೋಗಿದ್ದೆ. ನನಗೂ ಆ ಡಾಕ್ಟರಿಗೂ ಏನೋ ಒಳಸಂಚಿದೆ ಅಂತ ಎದ್ದು ಬಂದ್ರು.” ಅವಳಿಗೆ ನಗು ಬಂತು, ಕಣ್ಣೂ ತುಂಬಿತು. “ತಪ್ಪು ನಿಮ್ಮದೇ ಅಂದ್ರೆ ಕುಸಿದುಬಿಡ್ತಾರೆ. ಹೆಂಡ್ತಿ ಕಳ್ಳಿ ಅಂದ್ರೆ ತಡ್ಕೋತಾರೆ. ಅದು ರೂಢಿಯಿದೆ.”

ಮಾರನೆಯ ದಿನದಿಂದ ಭಾವ ಅಕ್ಕನನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲಿಲ್ಲ. ಎಲ್ಲಿ ಹೋದರೂ ಕಣ್ಣೆದುರಿಗೇ ಇರಬೇಕೆಂದು ಗುಡ್ಡಕ್ಕೂ ಎಳೆದುಕೊಂಡು ಹೊರಟರು. ಅವಳಿಗೆ ಬೇಕಾದದ್ದೂ ಅದೇ. ದೂರುಗಳು ನಿಂತವು. “ಕಳ್ಳ ಸಿಕ್ಕಿದ, ಯಾರು ಅಂತ ಮಾತ್ರ ಕೇಳಬೇಡಿ” ಎಂದು ಭಾವ ಕಚೇರಿಯ ಸಾಹೇಬರಿಗೆ ಹೇಳಿಬಂದರಂತೆ.

ಅಂಗಡಿಗೆ ರಜೆಯಿದ್ದ ಒಂದು ದಿನ ನಾನೂ ಜೊತೆಗೆ ಹೋದೆ. ಗುಡ್ಡದ ನೆತ್ತಿಯ ಸಮತಟ್ಟಿನಲ್ಲಿ ಒಂದು ಕವಲಿದೆ. ಅಲ್ಲಿ ಏರೂ ಕಾಣುವುದಿಲ್ಲ, ಇಳಿಜಾರೂ ಕಾಣುವುದಿಲ್ಲ. ಭಾವ ಎರಡು ಡಬ್ಬಿಗಳ ಮುಂದೆ ಬ್ರಷ್ಷು ಹಿಡಿದು ನಿಂತುಬಿಟ್ಟರು. ನಿಂತೇ ಇದ್ದರು. ಆಮೇಲೆ ಅಕ್ಕನನ್ನು ಹತ್ತಿರ ಕರೆದು, ನನಗೆ ಕೇಳಿಸಬಾರದೆಂದು ದನಿ ತಗ್ಗಿಸಿದರು.

“ನಿಜ ಹೇಳು. ನಾವೀಗ ಹತ್ತುತ್ತಾ ಇದೀವಾ, ಇಳೀತಾ ಇದೀವಾ?”

“ಇಳೀತಾ ಇದೀವಿ” ಎಂದಳು ಅಕ್ಕ.

ಅವರು ಮತ್ತೆ ಕೇಳಲಿಲ್ಲ. ಅವಳ ಮುಖ ನೋಡಲಿಲ್ಲ, ಹಿಂದೆ ತಿರುಗಿ ದಾರಿ ನೋಡಲಿಲ್ಲ. ಸುಮ್ಮನೆ ನಂಬಿ, ಬ್ರಷ್ಷನ್ನು ಬಿಳಿ ಬಣ್ಣಕ್ಕೆ ಅದ್ದಿದರು.