ಕರೆಂಟು ಕೊಟ್ಟವನ ಮುಖ ತೋರಿಸು ಎಂದು ಬೇಡಿದೆ

ಮಂಜಪ್ಪ ನನ್ನ ಕಣ್ಣೆದುರೇ ಕಂಬದ ಮೇಲೆ ಸತ್ತ ದಿನದಿಂದ ನಾನು ಯಾರನ್ನೂ ನಂಬಲಿಲ್ಲ. ದೇವರನ್ನು ಮಾತ್ರ ನಂಬಿದೆ. ಅದೂ ಭಕ್ತಿಯಿಂದಲ್ಲ, ಅವನಿಂದ ನನಗೆ ಒಂದು ಕೆಲಸ ಆಗಬೇಕಾಗಿತ್ತು. ಶರಣ ಬಂಧುಗಳೇ, ಆ ಕೆಲಸ ಆಯಿತು. ಹೇಗೆ ಆಯಿತೆಂದು ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ನಾನು ಹರಪನಹಳ್ಳಿ ತಾಲೂಕಿನ ತೆಲಿಗಿಯವನು, ಹೆಸರು ಬಸವರಾಜ. ಲೈನ್‌ಮನ್ ಕೆಲಸ. ಮಂಜಪ್ಪನೂ ನಾನೂ ಒಟ್ಟಿಗೆ ಕೆಲಸಕ್ಕೆ ಸೇರಿದವರು. ಕಳೆದ ವರ್ಷ ಶ್ರಾವಣಕ್ಕೆ ಮುಂಚೆ ಜೋರು ಗಾಳಿ ಬೀಸಿ, ಊರಾಚೆಯ ಹೊಲದಲ್ಲಿ ಬೇವಿನ ಟೊಂಗೆ ತಂತಿಯ ಮೇಲೆ ಬಿದ್ದಿತ್ತು. ಇಂಥ ಕೆಲಸಕ್ಕೆ ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಬೇಕು. ಅಲ್ಲಿಯ ಆಪರೇಟರ್ ಲೈನ್ ಬಂದ್ ಮಾಡಿ ‘ಕ್ಲಿಯರ್’ ಎಂದ ಮೇಲೆಯೇ ಕಂಬ ಹತ್ತುವುದು. ಆವತ್ತು ಡ್ಯೂಟಿಯಲ್ಲಿದ್ದವನು ವೀರೇಶ. ಕ್ಲಿಯರ್ ಅಂದ. ನನ್ನ ಮೊಣಕಾಲು ಬಾತಿದ್ದರಿಂದ ಮಂಜಪ್ಪ ಹತ್ತಿದ. ತಂತಿಯ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಸರಪಳಿಯನ್ನು ಅವನು ಹಾಕುವ ಮೊದಲೇ ಲೈನಿಗೆ ಕರೆಂಟು ಬಂತು. ಮುಂದಿನದನ್ನು ಬರೆಯುವುದಿಲ್ಲ.

ವಿಚಾರಣೆ ಆಯಿತು. ವೀರೇಶ ಲೈನ್ ಚಾಲೂ ಮಾಡಿಲ್ಲ, ಹತ್ತಿರದ ತೋಟದಮನೆಯಲ್ಲಿ ಜನರೇಟರನ್ನು ತಪ್ಪಾಗಿ ಜೋಡಿಸಿದ್ದರು, ಅದರ ಕರೆಂಟು ಹಿಮ್ಮುಖವಾಗಿ ಹರಿದು ಬಂದಿದೆ ಎಂದು ಹೇಳಿದರು. ಸಾಹೇಬರು ಹೇಳಿದರು, ಜೊತೆಯವರು ಹೇಳಿದರು, ಚಹಾದಂಗಡಿಯವನೂ ಹೇಳಿದ. ಒಂದೇ ಮಾತನ್ನು ಎಲ್ಲರೂ ಒಂದೇ ರೀತಿ ಹೇಳುತ್ತಿದ್ದಾರೆಂದರೆ ಯಾರೋ ಹೇಳಿಕೊಟ್ಟಿದ್ದಾರೆ ಎಂದುಕೊಂಡೆ. ವೀರೇಶನನ್ನು ಉಳಿಸಲು ಎಲ್ಲರೂ ಸೇರಿದ್ದಾರೆ ಎಂಬುದು ನನಗೆ ಖಾತ್ರಿಯಾಯಿತು.

ಆಮೇಲೆ ಆ ಗುಮಾನಿ ನನ್ನ ಮನೆಯೊಳಗೇ ಬಂತು. ಫ್ರಿಜ್ಜಿನ ಗುಂಯ್ ಸದ್ದು ಕೇಳಿದರೆ ಮೈಯೆಲ್ಲ ಬೆವರುತ್ತಿತ್ತು. ಪ್ಲಗ್ ಕಿತ್ತು ಹಾಕಿದೆ. ಗೋಡೆಯೊಳಗೆ ವೈರು ಇರುತ್ತದೆಂದು ಮಂಚವನ್ನು ನಡುಮನೆಗೆ ಎಳೆದುಕೊಂಡೆ. ಹೆಂಡತಿ ಕೊಟ್ರಮ್ಮ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ ಆ ಸುಟ್ಟ ಘಾಟಿಗೆ ಎದ್ದು ಬೀದಿಗೆ ಓಡುತ್ತಿದ್ದೆ. ಅವಳು ಹಿತ್ತಲಿನಲ್ಲಿ ನಿಂತು ಫೋನಿನಲ್ಲಿ ಮೆಲ್ಲಗೆ ಮಾತಾಡಿದರೆ ಆಫೀಸಿನವರಿಗೆ ನನ್ನ ಸುದ್ದಿ ಮುಟ್ಟಿಸುತ್ತಿದ್ದಾಳೆ ಅನಿಸುತ್ತಿತ್ತು. ಚಹಾ ಕೊಟ್ಟರೆ, ಮೊದಲು ನೀನು ಕುಡಿ ಅನ್ನುತ್ತಿದ್ದೆ. ಅವಳು ಕುಡಿದು ತೋರಿಸುತ್ತಿದ್ದಳು.

ಮಂಜಪ್ಪನ ಆತ್ಮ ಹಿಡಿದಿದೆ ಎಂದು ಬೀಗರು ತಾಯತ ತಂದು ಕಟ್ಟಿದರು. ಇದರೊಳಗೆ ಏನಿಟ್ಟಿದ್ದಾರೋ ಎಂದು ನಾನು ಅದನ್ನು ಬಿಚ್ಚಿ ನೋಡಿದೆ. ಊರಿನ ಆಶಾ ಕಾರ್ಯಕರ್ತೆ ಹುಲಿಗೆಮ್ಮ ಬಂದು, ನಿದ್ದೆ ಬರುತ್ತದೆಯೇ, ಕೆಟ್ಟ ಕನಸು ಬೀಳುತ್ತವೆಯೇ ಎಂದು ಕೇಳಿದಳು. ನನ್ನ ನಿದ್ದೆಯ ಲೆಕ್ಕ ಸರ್ಕಾರಕ್ಕೆ ಯಾಕೆ? ಹುಚ್ಚನೆಂದು ಬರೆಸಿ ನನ್ನ ಸಾಕ್ಷಿ ಮುರಿಯುವ ಉಪಾಯ ಇದು ಎಂದುಕೊಂಡು ಬಾಗಿಲು ಹಾಕಿಕೊಂಡೆ.

ಕಾರ್ತೀಕದ ಒಂದು ಸೋಮವಾರ ಕೊಟ್ರಮ್ಮ ನನ್ನನ್ನು ಕೊಟ್ಟೂರಿಗೆ ಹೊರಡಿಸಿದಳು. ನಮ್ಮ ಮನೆದೇವರು ಕೊಟ್ಟೂರೇಶ್ವರ ಸ್ವಾಮಿ. ಅವಳ ಹೆಸರೂ ಅವನದೇ. ತೆಲಿಗಿಯಿಂದ ಹರಪನಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ಕೊಟ್ಟೂರಿಗೆ ಇನ್ನೊಂದು. ದಾರಿಯುದ್ದಕ್ಕೂ ಕಂಬಗಳು ಕಾಣಬಾರದೆಂದು ತಲೆ ತಗ್ಗಿಸಿಯೇ ಕೂತಿದ್ದೆ.

ಗುಡಿಯಲ್ಲಿ ಅವಳು ಏನು ಬೇಡಿಕೊಂಡಳೋ ತಿಳಿಯದು. ನಾನು ಬೇಡಿದ್ದು ಇಷ್ಟೇ: “ಸ್ವಾಮಿ, ಅವತ್ತು ಕರೆಂಟು ಕೊಟ್ಟವನ ಮುಖ ತೋರಿಸು. ಉಳಿದದ್ದು ನಾನು ನೋಡ್ಕೊಂತೀನಿ.”

ದಾಸೋಹಕ್ಕೆ ಕೂತಾಗ ಎದುರಿನ ಸಾಲಿನಲ್ಲಿ ವೀರೇಶ ಕಂಡ.

ಬೇಡಿ ಅರ್ಧ ತಾಸಾಗಿರಲಿಲ್ಲ, ದೇವರು ಸಾಕ್ಷಿ ನುಡಿದುಬಿಟ್ಟಿದ್ದ. ವೀರೇಶ ಬಹಳ ಸೊರಗಿದ್ದ. ಅನ್ನ ಕಲಸಿ, ಬಾಯಿಗೆ ಇಡದೆ, ಹಾಗೇ ನಮಸ್ಕಾರ ಮಾಡಿ ಎದ್ದ. ಪಾಪ ಮಾಡಿದವನಿಗೆ ಪ್ರಸಾದ ಇಳಿಯುವುದಿಲ್ಲ ಎಂದುಕೊಂಡು ಅವನ ಹಿಂದೆಯೇ ಎದ್ದೆ. ಕೊಟ್ರಮ್ಮ ಎಲ್ಲಿಗೆಂದು ಕೇಳಿದಳು. “ಸುಮ್ನ ನನ್ ಜೊತಿ ಬಾ, ಮಾತಾಡಬ್ಯಾಡ” ಎಂದೆ.

ಅವನ ಮನೆ ಇರುವುದು ಹರಪನಹಳ್ಳಿಯಲ್ಲಿ. ಆದರೆ ಅವನು ಹತ್ತಿದ್ದು ಹಗರಿಬೊಮ್ಮನಹಳ್ಳಿಯ ಬಸ್ಸು. ನನ್ನ ಗುಮಾನಿ ಇನ್ನೂ ಬಲವಾಯಿತು. ನಾವು ಹಿಂದಿನ ಬಾಗಿಲಿನಿಂದ ಹತ್ತಿ, ಮೆಂತ್ಯದ ಸೊಪ್ಪಿನ ಗಂಟುಗಳ ಮರೆಯಲ್ಲಿ ಕೂತೆವು. ಇಳಿದವನು ಯಾರನ್ನೂ ನೋಡದೆ ನೆಟ್ಟಗೆ ದವಾಖಾನೆಯ ಕಡೆ ನಡೆದ. ಮುಂಬಾಗಿಲಿನಿಂದ ಹೋಗಲಿಲ್ಲ, ಕಟ್ಟಡ ಬಳಸಿ ಹಿಂದಿನ ವರಾಂಡದ ಒಂದು ಕೋಣೆಗೆ ಹೊಕ್ಕ. ಮಂಜಪ್ಪನ ಪೋಸ್ಟ್‌ಮಾರ್ಟಂ ವರದಿ ಬರೆದುಕೊಟ್ಟ ಡಾಕ್ಟರು ಇಲ್ಲೇ ಇರಬೇಕು, ಎಲ್ಲರೂ ಕೂಡಿ ಮಾತಾಡಿಕೊಳ್ಳುತ್ತಾರೆ, ಇವತ್ತು ಸಿಕ್ಕರು ಎಂದು ಕಿಟಕಿಯ ಪಕ್ಕ ನಿಂತೆ.

ಒಳಗೆ ಎಂಟು ಹತ್ತು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸುತ್ತಲೂ ಕೂತಿದ್ದರು. ಒಬ್ಬ ಹೆಣ್ಣುಮಗಳು ಮನೆಯಲ್ಲಿ ಸಿಲಿಂಡರ್ ಹೊತ್ತಿದ ಮೇಲೆ ತಾನು ಬೆಂಕಿಕಡ್ಡಿ ಗೀರುವುದಿಲ್ಲ ಎಂದು ಹೇಳುತ್ತಿದ್ದಳು. ಅವಳ ಮಾತು ಮುಗಿದ ಮೇಲೆ ವೀರೇಶ ಶುರುಮಾಡಿದ. ನಾಟಕ, ಎಂದು ನನ್ನ ಮನಸ್ಸು ಹೇಳಿತು. ಆದರೂ ಕಿವಿಗೊಟ್ಟೆ.

“ಕ್ಲಿಯರ್ ಕೊಟ್ಟ ಮ್ಯಾಲೆ ನಾನು ಲೈನ್ ಬಂದ್ ಮಾಡೋ ಆ ಬ್ರೇಕರ್ ಮುಂದಿಂದ ಎದ್ದಿಲ್ರಿ. ನೀರು ಕುಡಿಯಾಕೂ ಎದ್ದಿಲ್ಲ. ಬಸಣ್ಣನ ಫೋನ್ ಬಂತು, ಚೀರಾಕತ್ತಿದ್ದ. ಈಗ ಯಾವ ಫೋನ್ ಬಂದ್ರೂ ಅದ ಕೇಳ್ತೈತಿ. ನಾನು ಕೊಟ್ಟಿಲ್ಲ, ನಂಗೊತ್ತೈತಿ. ಆದ್ರ ಒಮ್ಮೊಮ್ಮಿ ನನ್ ಕೈನ ನಾನು ನೋಡ್ಕೊಂತೀನಿ. ನಾನಾ ಕೊಟ್ಟೆ ಏನೋ ಅನಿಸ್ತೈತಿ.”

ಸುಳ್ಳು ಹೇಳುವವನು ಗಟ್ಟಿಯಾಗಿ ಹೇಳುತ್ತಾನೆ. ತನ್ನ ಮೇಲೆ ತಾನೇ ಸಂಶಯಪಟ್ಟುಕೊಳ್ಳುವುದಿಲ್ಲ. ನಾನು ಅಷ್ಟು ತಿಂಗಳು ಅವನ ಮೇಲೆ ಹೊರಿಸಿದ್ದನ್ನು ಅವನು ತನ್ನ ಮೇಲೆ ತಾನೇ ಹೊರಿಸಿಕೊಂಡು ಕೂತಿದ್ದ. ಕಿಟಕಿಯ ಕೆಳಗೆ ನೆಲದ ಮೇಲೆ ಕೂತುಬಿಟ್ಟೆ.

ಹೊರಗೆ ಬಂದವರು ಅಲ್ಲಿಯ ಆಪ್ತಸಮಾಲೋಚಕಿ ಮೇಡಂ. ಮನಸ್ಸಿಗೆ ಪೆಟ್ಟು ಬಿದ್ದವರನ್ನು ಕೂಡಿಸಿ ಮಾತಾಡಿಸುವುದು ಅವರ ಕೆಲಸವೆಂದು ಕೊಟ್ರಮ್ಮ ಆಮೇಲೆ ತಿಳಿದುಕೊಂಡಳು. ಅವರು ನನ್ನ ಹೆಸರನ್ನೂ ಕೇಳಲಿಲ್ಲ. ಬಿಸಿಲಾಗ ಯಾಕೆ ಕೂತೀರಿ, ಒಳಗೆ ಕುರ್ಚಿ ಇದೆ ಎಂದರು. ನನ್ನನ್ನು ಕಂಡ ವೀರೇಶ ಬಿಳಿಚಿಕೊಂಡ. ಹೊಡೆಯಲು ಬಂದೆನೆಂದು ಅವನೂ ಅನುಮಾನಪಟ್ಟಿದ್ದ. ನಾನು ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಕೂತೆ. ಓಡಬೇಕಾದರೆ ಅನುಕೂಲವಾಗಲಿ ಎಂದು. ಆವತ್ತು ಬರೀ ಕೇಳಿಸಿಕೊಂಡು ಬಂದೆ; ನನ್ನ ಹೆಸರು, ಮನೆಯ ಸ್ಥಿತಿ ಎಲ್ಲವನ್ನೂ ಕೊಟ್ರಮ್ಮನೇ ಮೇಡಂಗೆ ಹೇಳಿದಳು.

ಮುಂದಿನ ಸಲ ಮೇಡಂ ಹೇಳಿದ್ದು ಇವತ್ತಿಗೂ ನೆನಪಿದೆ. “ಗಂಡಾಂತರ ಅವತ್ತ ಮುಗೀತು ಬಸಣ್ಣಾರ. ಆದ್ರ ಮುಗೀತು ಅನ್ನೋ ಸುದ್ದಿ ನಿಮ್ ಮೈಗೆ ಇನ್ನಾ ಮುಟ್ಟಿಲ್ಲ. ಅದು ಕಾವಲು ಕಾಯಾಕತ್ತೈತಿ. ಕಾವಲು ಕಾಯೋನಿಗೆ ಎಲ್ರೂ ಕಳ್ಳರ ಹಂಗ ಕಾಣ್ತಾರ. ಇದು ಹುಚ್ಚಲ್ಲ, ಪೆಟ್ಟು.”

ಒಮ್ಮೆಲೇ ನಂಬಿದೆ ಎಂದರೆ ಸುಳ್ಳಾಗುತ್ತದೆ. ಆ ದವಾಖಾನೆಯ ಡಾಕ್ಟರು ಬರೆದ ಗುಳಿಗೆಯನ್ನು ತೆಗೆದುಕೊಂಡು ಬೇರೆ ಊರಿನ ಔಷಧಿ ಅಂಗಡಿಗೆ ಹೋಗಿ, ಇದು ಯಾತಕ್ಕೆ ಕೊಡುತ್ತಾರೆ ಎಂದು ವಿಚಾರಿಸಿದೆ. ಮೇಡಂ ನನ್ನ ಮಾತನ್ನು ಆಫೀಸಿಗೆ ಹೇಳುತ್ತಾರೋ ಎಂದು ಪರೀಕ್ಷಿಸಲು ಬೇಕಂತಲೇ ಒಂದು ಸುಳ್ಳು ಹೇಳಿ, ಅದು ಹರಡುತ್ತದೆಯೇ ಎಂದು ಕಾದೆ. ಹರಡಲಿಲ್ಲ. ಆಮೇಲೆಯೇ ನಿಜ ಹೇಳತೊಡಗಿದೆ. ಮೊಣಕಾಲು ಬಾತಿರದಿದ್ದರೆ ಮೇಲೆ ಇರಬೇಕಾದವನು ನಾನು ಎಂಬ ಮಾತು ಬಾಯಿಂದ ಬಂದಾಗ ವೀರೇಶ ನನ್ನ ಭುಜ ಹಿಡಿದುಕೊಂಡ. ನಾನು ಕೈ ಕೊಡವಲಿಲ್ಲ.

ಬೇಸಿಗೆ ಹೊತ್ತಿಗೆ ನಿದ್ದೆ ಬರತೊಡಗಿತು. ಕೊಟ್ರಮ್ಮನ ಚಹಾವನ್ನು ಅವಳ ಕೈಯಿಂದ ಇಸಿದುಕೊಂಡು ಕುಡಿದ ದಿನ ಅವಳು ಒಲೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಹಿತ್ತಲಿನಲ್ಲಿ ಅವಳು ಫೋನು ಮಾಡುತ್ತಿದ್ದುದು ಮಂಜಪ್ಪನ ಹೆಂಡತಿ ರೇಣುಕಾಳಿಗೆ ಎಂದು ಆಗ ಹೇಳಿದಳು. ಗಂಡ ಹೋದಾಗಿನಿಂದ ರೇಣುಕಾ ಅತ್ತಿರಲಿಲ್ಲ, ಯಾರೊಂದಿಗೂ ನೆಟ್ಟಗೆ ಮಾತಾಡಿರಲಿಲ್ಲ. ಅವಳನ್ನೂ ಆ ಕೋಣೆಗೆ ಕರೆದುಕೊಂಡು ಹೋದೆವು. ಕೆಲವು ಸಲ ಸುಮ್ಮನೆ ಕೂತು ಎದ್ದು ಬಂದಳು. ಒಂದು ದಿನ, ಎಲ್ಲರೂ ಹೊರಡುವಾಗ, ನನ್ನ ಎದುರು ಬಂದು ನಿಂತಳು.

“ಅಣ್ಣಾ, ಅವ್ರು ಕಡೀಗೆ ಏನಂದ್ರು?”

ಆ ಪ್ರಶ್ನೆಗೆ ಹೆದರಿಯೇ ನಾನು ಅಷ್ಟು ದಿನ ಅವಳ ಓಣಿಯನ್ನು ಬಳಸಿ ಹೋಗುತ್ತಿದ್ದೆ. ಈಗ ಹೇಳಿದೆ. ಕಂಬಕ್ಕೆ ಕೈ ಹಚ್ಚುವ ಮುಂಚೆ ಮಂಜಪ್ಪ ತಿರುಗಿ, “ಬುತ್ತಿ ಬಿಚ್ಚಬ್ಯಾಡಲೇ ಬಸ್ಯಾ. ಇವತ್ತು ಆಕಿ ಶೇಂಗಾ ಹೋಳ್ಗಿ ಕಟ್ಯಾಳ, ನಾ ಇಳಿದು ಬಂದ್ಮ್ಯಾಲೆ ತಿನ್ನೂಣು” ಅಂದಿದ್ದ.

ರೇಣುಕಾ ಅಲ್ಲಿಯೇ ಕೂತು, ಮೊಟ್ಟಮೊದಲ ಸಲ, ದನಿ ತೆಗೆದು ಅತ್ತಳು. ಕೊಟ್ರಮ್ಮ ಅವಳನ್ನು ತಬ್ಬಿಕೊಂಡಳು. ವೀರೇಶ ಬಾಗಿಲು ಮುಂದೆ ಮಾಡಿ, ಹೊರಗಿನವರು ಯಾರೂ ಬರದಂತೆ ನಿಂತ. ಮೇಡಂ ದೀಪ ಆರಿಸಿ ಬೀಗ ಹಾಕುವ ಹೊತ್ತಾಗಿದ್ದರೂ ಏಳಿ ಎನ್ನಲಿಲ್ಲ.

ನಾನಿನ್ನೂ ಕಂಬ ಹತ್ತಿಲ್ಲ. ನೆಲದ ಮೇಲಿನ ಕೆಲಸ ಕೊಟ್ಟಿದ್ದಾರೆ. ಗುಮಾನಿ ಪೂರ್ತಿ ಹೋಗಿಲ್ಲ, ಆಗಾಗ ತಲೆ ಎತ್ತುತ್ತದೆ. ಬಂದರೆ ಈಗ ಅದರ ಗುರುತು ಸಿಗುತ್ತದೆ. ನನ್ನಂತೆ ಬಾಗಿಲು ಹಾಕಿಕೊಂಡು ಕೂತವರು ನಿಮ್ಮ ಮನೆಯಲ್ಲಿ ಇದ್ದರೆ ಗುಡಿಗೂ ಕರೆದುಕೊಂಡು ಹೋಗಿ, ದವಾಖಾನೆಗೂ ಕರೆದುಕೊಂಡು ಹೋಗಿ. ಎರಡೂ ದಾರಿ ಒಬ್ಬನೇ ಹಾಕಿದ್ದು. ಹಗೆಯ ಮುಖ ತೋರಿಸೆಂದು ಬೇಡಿದ ನನಗೆ ಕೊಟ್ಟೂರೇಶ್ವರ ಸ್ವಾಮಿ ನನ್ನಷ್ಟೇ ನೊಂದವನ ಮುಖ ತೋರಿಸಿದ. ಬೇಡುವುದು ನನಗೆ ಗೊತ್ತಿರಲಿಲ್ಲ. ಕೊಡುವುದು ಅವನಿಗೆ ಗೊತ್ತಿತ್ತು.