ಶುಕ್ರವಾರದ ಹರಳೆಣ್ಣೆ

ತಮಿಳು ಸೀಮೆಯ ಸಿರುಮುಗೈಯಲ್ಲಿ, ಕನ್ನಡ ಆಡುವ ನೇಕಾರರ ಬೀದಿಯಲ್ಲಿ ನಾಚಿಯಮ್ಮನವರ ಕಿವಿಯ ಬಗ್ಗೆ ಎರಡು ಮಾತಿರಲಿಲ್ಲ. ಒಳಗೆ ನಾಲ್ಕು ಮಗ್ಗ ಒಟ್ಟಿಗೆ ನಡೆಯುತ್ತಿದ್ದರೆ ಅವರು ಜಗಲಿಯಲ್ಲಿ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದರು. ಯಾವ ಮಗ್ಗದ ಸದ್ದು ಕೊಂಚ ಬದಲಾದರೂ ತಲೆ ಎತ್ತದೆ ಕೂಗಿ ಹೇಳುತ್ತಿದ್ದರು. ಸದ್ದು ನಿಂತರಂತೂ ಇನ್ನೂ ಬೇಗ. “ಮೂರನೇದು ಯಾಕೆ ಸುಮ್ನಾಯ್ತು? ದುಡಿಯೋ ಮಗ್ಗ ಸುಮ್ನೆ ಇರಲ್ಲ, ನೋಡು” ಎನ್ನುವುದು ಅವರ ದಿನನಿತ್ಯದ ಮಾತು.

ಮಗ್ಗಗಳಿಗೆ ಎಣ್ಣೆ ಹಾಕುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ರೇಷ್ಮೆಯ ಮೇಲೆ ಒಂದು ಹನಿ ಬಿದ್ದರೂ ಸೀರೆ ಕೆಟ್ಟಂತೆ. ಆ ಮನೆಯಲ್ಲಿ ನಡುಗದ ಕೈ ಅವರದೊಂದೇ. ಶುಕ್ರವಾರ ಬೆಳಿಗ್ಗೆ ನೇಕಾರರು ಬರುವ ಮುಂಚೆ ಹರಳೆಣ್ಣೆಯ ಮೂತಿಡಬ್ಬಿ ಹಿಡಿದು, ಕೋಳಿಗರಿಯನ್ನು ಅದ್ದಿ, ಮರ ಮರಕ್ಕೆ, ಕಬ್ಬಿಣ ಕಬ್ಬಿಣಕ್ಕೆ ತಾಕುವ ಕಡೆಯೆಲ್ಲ ಸವರುತ್ತಿದ್ದರು. ಗಂಡ ತೀರಿಕೊಂಡ ಮೇಲೂ ಆ ಕ್ರಮ ತಪ್ಪಿರಲಿಲ್ಲ.

ಎಂಬತ್ತಮೂರನೇ ಇಸವಿಯಲ್ಲಿ ಮಗ ಗುರುಸಾಮಿ ಒಂದು ಹಳೆಯ ಜೀಪು ಕೊಂಡ. ವಾರವೆಲ್ಲ ಸೀರೆಯ ಗಂಟುಗಳು, ಭಾನುವಾರ ಮನೆಮಂದಿ. ಓಡಿಸಲು ಕಾರಮಡೈ ಕಡೆಯ ಕೃಷ್ಣಸಾಮಿ ಬಂದ. ಮೊದಲು ಲಾರಿಯಲ್ಲಿದ್ದವನು, ಮಾತು ಕಡಿಮೆ. ಅವನಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡುವಾಗ ತಮಿಳು ಬೆರೆಯುತ್ತಿತ್ತು. ಮೂರು ಹೆಣ್ಣುಮಕ್ಕಳ ತಂದೆ. ಲಾರಿ ಬಿಟ್ಟು ರಾತ್ರಿ ಮನೆಗೆ ಹೋಗಬಹುದಾದ ಕೆಲಸ ಸಿಕ್ಕಿದ್ದು ಅದೇ ಮೊದಲು.

ಕೆಲವು ತಿಂಗಳ ನಂತರ ಬ್ರೇಕ್ ಹಾಕಿದಾಗಲೆಲ್ಲ ಜೀಪಿನ ಹಿಂದಿನ ಚಕ್ರಗಳು ಕೀರಲು ಶುರುಮಾಡಿದವು. ನಾಚಿಯಮ್ಮನವರಿಗೆ ಸಹಿಸಲಾಗಲಿಲ್ಲ. ಒಂದು ಶುಕ್ರವಾರ ಡಬ್ಬಿ ಹಿಡಿದು ಜೀಪಿನ ಕೆಳಗೆ ಬಗ್ಗಿದರು. ಎರಡೂ ಹಿಂಚಕ್ರದ ಒಳಮಗ್ಗುಲಿನ ತಗಡಿನಲ್ಲಿ ಒಂದೊಂದು ಸಣ್ಣ ತೂತು ಕಂಡಿತು. ರಾಟೆಯ ಕಂಬದಲ್ಲೂ ಅಂಥದೇ ತೂತಿದೆ, ಅದು ಎಣ್ಣೆಗೆಂದೇ ಇರುವುದು. ಡಬ್ಬಿಯ ಮೂತಿ ಅದರೊಳಗೆ ಸರಿಯಾಗಿ ಹೋಯಿತು.

“ಜೀಪಿಗೂ ಎಣ್ಣೆಸ್ನಾನ ಆಯ್ತಾ ಅತ್ತೆ? ತಲೆಗೆ ಸೀಗೆಪುಡಿ ತರಲಾ?” ಎಂದು ಸೊಸೆ ಪೆರಿಯನಾಯಕಿ ಕೇಳಿದ್ದಳು.

ಕೀರುವ ಸದ್ದು ನಿಂತಿತು. ಅಂದಿನಿಂದ ಶುಕ್ರವಾರದ ಸರದಿಯಲ್ಲಿ ಐದನೆಯದಾಗಿ ಜೀಪು ಸೇರಿತು. ಕೃಷ್ಣಸಾಮಿ ಬರುವ ಹೊತ್ತಿಗೆ ಡಬ್ಬಿ ಮತ್ತೆ ಗೋಡೆಯ ಮಾಡದಲ್ಲಿರುತ್ತಿತ್ತು.

ಮರುವರ್ಷ, ಸಂಕ್ರಾಂತಿ ಕಳೆದ ತೈ ತಿಂಗಳಲ್ಲಿ, ಕೋತಗಿರಿಯಲ್ಲಿ ಒಂದು ಮದುವೆ, ಅದಕ್ಕೆ ಸೀರೆ ನೇಯ್ದದ್ದು ಇದೇ ಮನೆ. ಮನೆಮಂದಿಯೆಲ್ಲ ಬೆಟ್ಟ ಹತ್ತಿ ಹೋಗಬೇಕಿತ್ತು. ಹಿಂದಿನ ದಿನ ಬೆಳಿಗ್ಗೆ ಕೃಷ್ಣಸಾಮಿ ಬೀಗದ ಕೈಯನ್ನು ಜಗಲಿಯ ಮೇಲಿಟ್ಟು ನಿಂತ. ಬಂದಾಗ ಜೀಪಿನ ಮುಂದಿನ ಚಕ್ರಗಳಿಂದ ಕಲ್ಲು ಅರೆದಂಥ ಸದ್ದು ಬೀದಿಗೆಲ್ಲ ಕೇಳಿಸಿತ್ತು.

“ಬ್ರೇಕ್ ಪುಡಿಕ್ಕಲೆ, ಮೊದಲಾಳಿ” ಎಂದ ಯಜಮಾನನಿಗೆ. “ ಹತ್ತೋದು ಹತ್ತಬಹುದು. ಇಳಿಯೋಕಾಗಲ್ಲ.”

ಗುರುಸಾಮಿಗೆ ರೇಗಿತು. “ಹಿಡಿಯಲ್ಲ ಅಂದ್ರೆ? ಲಾರಿ ಬುದ್ಧಿ ನಿಂದು. ಬ್ರೇಕ್ ಮೇಲೇ ಕಾಲು ಮಡಗಿ ಓಡಿಸ್ತಿದೀಯ, ತೇಯದೆ ಏನಾಗುತ್ತೆ?”

“ನಾನು ಹಾಗೆ ಓಡಿಸೋನಲ್ಲ.”

“ಲಿಂಗಪ್ಪ ಬಂದು ಬಿಚ್ಚಲಿ. ತೇದಿದ್ರೆ ನಾಳೆಯಿಂದ ನೀನು ಬರೋದು ಬೇಡ.”

ಲಿಂಗಪ್ಪನ್ ಮೇಟ್ಟುಪ್ಪಾಳಯದ ರಸ್ತೆಯಲ್ಲಿ ಷೆಡ್ ಇಟ್ಟಿದ್ದ ಮೆಕ್ಯಾನಿಕ್, ಕನ್ನಡ ಮಾತಾಡುವ ಒಕ್ಕಲು ಮನೆಯವನು. ಜಾಕಿ ಕೊಟ್ಟು ಮುಂದಿನ ಚಕ್ರ ಬಿಚ್ಚಿ, ಸುತ್ತಿಗೆಯಿಂದ ತಟ್ಟಿ ಡ್ರಮ್ಮನ್ನು ಎಳೆದ. ಬ್ರೇಕ್ ಷೂವಿನ ಮೇಲೆ ಉಜ್ಜಿ ಹಿಡಿಯುವ ಲೈನಿಂಗ್ ಪಟ್ಟಿ ಇರಬೇಕಾದ ಜಾಗದಲ್ಲಿ ರಿವೆಟ್‌ಗಳ ತಲೆ ಹೊಳೆಯುತ್ತಿತ್ತು. ಅವು ಉಜ್ಜಿ ಉಜ್ಜಿ ಡ್ರಮ್ಮಿನ ಒಳಗೋಡೆಯಲ್ಲಿ ಉಗುರು ಇಳಿಯುವಷ್ಟು ಗೀರು ಬಿದ್ದಿತ್ತು. ಇನ್ನೊಂದು ಮುಂಚಕ್ರದ್ದೂ ಅದೇ ಕಥೆ.

“ನೋಡಿದ್ಯಾ!” ಎಂದ ಗುರುಸಾಮಿ, ಕೃಷ್ಣಸಾಮಿಯ ಕಡೆ ತಿರುಗಿ. ಕೃಷ್ಣಸಾಮಿ ಹೆಗಲ ಮೇಲಿನ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಇರಿ ಚೆಟ್ಟಿಯಾರೇ” ಎಂದು ಲಿಂಗಪ್ಪನ್ ಗುರುಸಾಮಿಯನ್ನು ತಡೆದ. “ಕಾಲು ಮಡಗಿ ಓಡಿಸಿದ್ರೆ ನಾಲ್ಕೂ ತೇಯಬೇಕಲ್ಲ. ಹಿಂದಿನದೂ ನೋಡೋಣ.”

ಹಿಂದಿನ ಎರಡೂ ಡ್ರಮ್ ಸುತ್ತಿಗೆಯಿಲ್ಲದೆ ಕೈಗೇ ಬಂದವು. ಲೈನಿಂಗ್ ದಪ್ಪವಾಗಿಯೇ ಇತ್ತು, ಆದರೆ ಕಪ್ಪಗೆ ನೆನೆದು ಮಿನುಗುತ್ತಿತ್ತು. ಲಿಂಗಪ್ಪನ್ ಬೆರಳಿಟ್ಟು ಮೂಸಿದ. ಬ್ರೇಕಿನ ಎಣ್ಣೆ ಸೋರಿರಬಹುದೆಂದು ಸಿಲಿಂಡರಿನ ರಬ್ಬರ್ ಎತ್ತಿ ನೋಡಿದ, ಒಣಗಿತ್ತು. ಮತ್ತೊಮ್ಮೆ ಮೂಸಿದ.

“ಇದು ಹರಳೆಣ್ಣೆ. ಈ ಎರಡು ಚಕ್ರ ಎಷ್ಟೋ ದಿನದಿಂದ ಕೆಲಸಾನೇ ಮಾಡಿಲ್ಲ. ಇವುಗಳ ಕೆಲಸಾನೂ ಮುಂದಿನವೇ ಎಳ್ದು ಸತ್ತಿವೆ.”

ಗುರುಸಾಮಿ ಅದಕ್ಕೂ ಕಾರಣ ಹುಡುಕಿದ. “ಇವನೇ ಏನೋ ಸುರ್ದಿರಬೇಕು, ಸದ್ದು ಮುಚ್ಚೋಕೆ.”

ಜಗಲಿಯಲ್ಲಿ ರಾಟೆ ನಿಂತಿತು. ಬಾಗಿಲಲ್ಲಿದ್ದ ಪೆರಿಯನಾಯಕಿ ಅತ್ತೆಯ ಮುಖ ನೋಡಿ ಸೆರಗು ಬಾಯಿಗಿಟ್ಟುಕೊಂಡಳು. ನಾಚಿಯಮ್ಮ ಸುಮ್ಮನಿದ್ದಿದ್ದರೆ ಮಗ ಅವರನ್ನು ಕೇಳುತ್ತಿರಲಿಲ್ಲ. ಆದರೂ ಎದ್ದು ಬಂದು ಚಕ್ರದ ಹತ್ತಿರ ನಿಂತರು.

“ಅವನನ್ನ ಯಾಕೆ ಬಯ್ತೀಯ ಮಗಾ? ಹಾಕಿದ್ದು ನಾನು. ವೆಳ್ಳಿಕ್ಕಿಳಮೆ ವೆಳ್ಳಿಕ್ಕಿಳಮೆ, ಒಂದು ಶುಕ್ರವಾರಾನೂ ಬಿಡದೆ.”

“ಅಮ್ಮಾ! ಬ್ರೇಕಿಗೆ ಯಾರಾದ್ರೂ ಎಣ್ಣೆ ಹಾಕ್ತಾರಾ?”

“ತೂತು ಮಡಗಿದಾರಲ್ಲಪ್ಪ. ಇನ್ಯಾತಕ್ಕೆ ಮಡಗಿರೋದು?”

“ಲೈನಿಂಗ್ ಎಷ್ಟು ಉಳಿದಿದೆ ಅಂತ ಇಣುಕಿ ನೋಡೋಕೆ, ಅಮ್ಮ” ಎಂದ ಲಿಂಗಪ್ಪನ್. “ಇದು ಉಜ್ಜಿ ಹಿಡಿದ್ರೇ ಗಾಡಿ ನಿಲ್ಲೋದು. ನಿಮ್ಮ ರೇಷ್ಮೆ ಇದ್ದ ಹಾಗೆ, ಎಣ್ಣೆ ತಾಕಿದ್ರೆ ಹೋಯ್ತು.”

ನಾಚಿಯಮ್ಮ ಕಪ್ಪು ಲೈನಿಂಗನ್ನು ಮುಟ್ಟಿ ಬೆರಳು ನೋಡಿಕೊಂಡರು. “ಸದ್ದು ನಿಂತಾಗಲೇ ನಂಗೆ ತಿಳೀಬೇಕಿತ್ತು” ಎಂದರು. ಆಮೇಲೆ ಮಗನಿಗೆ, “ಬೀಗದ ಕೈ ಅವನ ಕೈಗೆ ಕೊಡು.”

ಗುರುಸಾಮಿ ತಕ್ಷಣ ಕೊಡಲಿಲ್ಲ. ಒಳಗೆ ಹೋಗಿ ಕಾಫಿ ಕುಡಿದು, ಲಿಂಗಪ್ಪನ್ ಚಕ್ರಗಳನ್ನು ಮತ್ತೆ ಕೂರಿಸಿದ ಮೇಲೆ ಬಂದು, ಜಗಲಿಯ ಮೇಲಿದ್ದ ಬೀಗದ ಕೈ ಎತ್ತಿ, ಎಲ್ಲೋ ನೋಡುತ್ತ ಚಾಚಿದ. “ಲಿಂಗಪ್ಪನ ಷೆಡ್ಡಿಗೆ ಮೆಲ್ಲಗೆ ತಗೊಂಡು ಹೋಗು.” ಕ್ಷಮೆಯ ಮಾತು ಅಷ್ಟೇ. ಕೃಷ್ಣಸಾಮಿ ಟವೆಲನ್ನು ಹೆಗಲಿಗೆ ಹಾಕಿಕೊಂಡು ತೆಗೆದುಕೊಂಡ.

ಡ್ರಮ್‌ಗಳನ್ನು ಲೇತಿಗೆ ಕೊಟ್ಟು ಗೀರು ಹೋಗುವಂತೆ ಕಡೆಸಿದರು. ಹಿಂದಿನ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಹಾಕೋಣವೆಂದು ಗುರುಸಾಮಿ ಕೇಳಿದಾಗ ಲಿಂಗಪ್ಪನ್ ಒಪ್ಪಲಿಲ್ಲ. ಕುಡಿದ ಎಣ್ಣೆಯನ್ನು ಬಿಸಿಯಾದಾಗ ಅದು ಮತ್ತೆ ಕಕ್ಕುತ್ತದೆ. ನಾಲ್ಕು ಚಕ್ರಕ್ಕೂ ಹೊಸ ಲೈನಿಂಗ್ ರಿವೆಟ್ ಹೊಡೆದು ಕೂರಿಸಿ, ತೂತುಗಳಿಗೆ ರಬ್ಬರ್ ಬಿರಡೆ ಜಡಿದ. ಅಷ್ಟರಲ್ಲಿ ಕತ್ತಲಾಗಿತ್ತು. ಹೊಸ ಲೈನಿಂಗ್ ಪಳಗದೆ ಘಾಟಿಗೆ ಬೇಡವೆಂದ. ಮನೆಮಂದಿ ಮದುವೆಗೆ ಬಸ್ಸಿನಲ್ಲಿ ಹೋದರು, ಸೀರೆಯ ಗಂಟುಗಳನ್ನು ತೊಡೆಯ ಮೇಲಿಟ್ಟುಕೊಂಡು.

ಮುಂದಿನ ಶುಕ್ರವಾರ ಕೃಷ್ಣಸಾಮಿ ಎಂದಿಗಿಂತ ಬೇಗ ಬಂದು ಜೀಪಿನ ಹಿಂದೆ ನಿಂತಿದ್ದ. ನಾಲ್ಕು ಮಗ್ಗ ಮುಗಿಸಿ ನಾಚಿಯಮ್ಮ ಡಬ್ಬಿಯೊಂದಿಗೆ ಹೊರಗೆ ಬಂದರು. ಅವನು ಚಕ್ರದ ಮುಂದೆ ಸರಿದು ನಿಂತ. ಅವರು ನಕ್ಕರು.

“ಹೆದರಬೇಡಪ್ಪ” ಎಂದು, ಜೀಪಿನ ಹಿಂಬಾಗಿಲಿನ ಕೀಲನ್ನು ತೋರಿಸಿದರು. “ಇದು ಕಿರ್ ಅಂತೈತೆ. ಇದಕ್ಕೆ ಬಿಡಲಾ?”

ಕೃಷ್ಣಸಾಮಿ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ, ಕಿವಿಗೊಟ್ಟು ಕೇಳಿದ.

“ಇದುಕ್ಕು ವಿಡುಂಗಮ್ಮಾ, ಇದಕ್ಕೆ ಬಿಡಬಹುದು” ಎಂದು ಬಾಗಿಲನ್ನು ಹಿಡಿದುಕೊಂಡ.